ಸೋಪಾನ ಬುವಾನ ಜೊತೆ ಸರಿದ ಪೇಟಿ

ಸೋಪಾನ ಢವಳೆಗೆ ಹೇಳಲೇಬೇಕಾದ ಒಂದು ಮಾತು ಮೂರು ವರ್ಷದಿಂದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಉದ್ದದ ಮಾತೇನಲ್ಲ. ‘ನಿನ್ನ ಸ್ವರ ಜಾಗ ಬಿಡುತ್ತಿದೆ’ ಎಂಬಷ್ಟೇ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಅದನ್ನು ಅವನ ಮುಖಕ್ಕೆ ಹೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ನನಗಂತೂ ಇನ್ನೂ ಕಷ್ಟ. ಆ ತಪ್ಪಿನಲ್ಲಿ ಅರ್ಧ ಪಾಲು ನನ್ನದು.

ಸೋಪಾನ ನಾಲ್ಕು ವಿದ್ಯುತ್ ಮಗ್ಗ ನಡೆಸುವ ನೇಕಾರ. ನಾನು ಅದೇ ಶೆಡ್ಡಿನಲ್ಲಿ ಕೆಟ್ಟ ಮಗ್ಗ ರಿಪೇರಿ ಮಾಡುವ ಜಾಬರ್. ಇಪ್ಪತ್ತು ತುಂಬುವ ಮೊದಲೇ ಬನಹಟ್ಟಿ ಬಿಟ್ಟು ಬಂದವನು, ಇಲ್ಲಿಯೇ ತಲೆ ಬೆಳ್ಳಗಾಯಿತು. ಶಾಲೆಯ ಮೆಟ್ಟಿಲು ನಾಲ್ಕೇ ಹತ್ತಿದ್ದೇನೆ. ಆದರೆ ಯಾವ ಮಗ್ಗ ಯಾಕೆ ಕೊರಗುತ್ತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ, ಯಾವ ಪುಸ್ತಕದವನೂ ನನಗೆ ಅದನ್ನು ಕಲಿಸಲಿಲ್ಲ. ಪೇಟಿಯನ್ನೂ ಹಾಗೆಯೇ ಕಲಿತೆ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಅಂತಲೇ ಹೆಸರು. ಪ್ರತಿ ಗುರುವಾರ ಸಂಜೆ ವಿಠೋಬನ ಗುಡಿಯಲ್ಲಿ ಭಜನೆ. ಸೋಪಾನ ಮುಂದಾಗಿ ಹಾಡುವವನು, ಅದಕ್ಕೇ ಎಲ್ಲರ ಬಾಯಲ್ಲೂ ಬುವಾ. ನಾನು ಪೇಟಿ. ಶಿರಪತಿ ರೋಕಡೆ ಮೃದಂಗ. ಬುವಾ ಹೇಳಿದ ಸಾಲನ್ನು ಮೊದಲು ಎತ್ತಿಕೊಂಡು ಹಾಡುವವನು ಪ್ರಹ್ಲಾದ ಸಗರೆ. ನಲವತ್ತು ದಾಟಿದವನು, ಒಳ್ಳೆಯ ಕಂಠ, ಹತ್ತು ವರ್ಷದಿಂದ ಎರಡನೆಯವನಾಗಿಯೇ ಕೂತು ಬೇಸತ್ತವನು.

ನಮ್ಮ ಶೆಡ್ಡಿನಲ್ಲಿ ಒಂದೇ ತಗಡಿನ ಕೆಳಗೆ ಅರವತ್ತು ಮಗ್ಗ. ಲಾಳಿ ಬಡಿಯುವ ಸದ್ದಿಗೆ ಹೊಸಬನ ಹಲ್ಲೆಲ್ಲ ಜುಮ್ಮೆನ್ನುತ್ತವೆ. ಅಲ್ಲಿ ಮಾತೆಲ್ಲ ತುಟಿ ನೋಡಿ, ಬೆರಳು ನೋಡಿ. ಎರಡು ತೋರುಬೆರಳು ಜೋಡಿಸಿ ಚಕ್ಕನೆ ಬೇರೆ ಮಾಡಿದರೆ ‘ಎಳೆ ಹರಿದಿದೆ, ಮಗ್ಗ ನಿಲ್ಲಿಸು’ ಎಂದರ್ಥ. ಆ ಸದ್ದಿನ ನಡುವೆ ಸೋಪಾನ ದಿನವೂ ಕೊರಳೆತ್ತಿ ಹಾಡುತ್ತಿದ್ದ. ಪಕ್ಕದವನಿಗೆ ಕೇಳುತ್ತಿರಲಿಲ್ಲ, ಅವನಿಗೂ ಕೇಳುತ್ತಿರಲಿಲ್ಲ. ಬಾಯಿ ತೆರೆದಿರುವುದು, ಕೊರಳ ನರ ಉಬ್ಬಿರುವುದು ಅಷ್ಟೇ ಕಾಣುತ್ತಿತ್ತು.

“ನಿನಗ ಕೇಳದ ಹಾಡು ಯಾರಿಗಲೇ ಹಾಡತೀ?” ಎಂದು ಒಮ್ಮೆ ಚಹಾದಂಗಡಿಯಲ್ಲಿ ಕೇಳಿದ್ದೆ.

“ಕಿವಿ ಯಾಕ ಬೇಕೋ ಸಿದ್ದ್ಯಾ? ಗಂಟಲಿಗೇ ದಾರಿ ಗೊತ್ತೈತಿ. ಮನೀಗೆ ಹೋಗೋವಾಗ ನಿನ್ನ ಕಾಲಿಗೆ ದಾರಿ ಯಾರರ ಹೇಳ್ತಾರೇನು?”

ಅದು ಬರೀ ಜಂಬವಾಗಿರಲಿಲ್ಲ. ಕರೆಂಟು ಹೋದಾಗ ಅರವತ್ತೂ ಮಗ್ಗ ಒಟ್ಟಿಗೆ ನಿಲ್ಲುತ್ತಿದ್ದವು. ಆ ದಿಢೀರ್ ಮೌನದಲ್ಲಿ ಸೋಪಾನನ ದನಿ ಒಂಟಿಯಾಗಿ ಉಳಿಯುತ್ತಿತ್ತು. ಆ ಸ್ವರವನ್ನು ನಾನು ಬಾಯಲ್ಲಿ ಗುನುಗಿ ಹಿಡಿದುಕೊಂಡು ಗುಡಿಗೆ ಓಡಿ ಪೇಟಿಯ ಮೇಲೆ ಒತ್ತಿ ನೋಡಿದ್ದೇನೆ. ಕಪ್ಪು ಮನೆಗಳಲ್ಲಿ, ಅಂದರೆ ಬೆರಳೊತ್ತುವ ಕಪ್ಪು ಪಟ್ಟಿಗಳಲ್ಲಿ, ಎರಡನೆಯದು. ಅವನು ಯಾವತ್ತೂ ಹಾಡುವ ಮನೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಎಂಥ ಗದ್ದಲದಲ್ಲೂ ಗಂಟಲು ತಾನಾಗಿಯೇ ಜಾಗ ಹಿಡಿದಿರುತ್ತಿತ್ತು. ಇದನ್ನು ನಾನು ಕಣ್ಣಾರೆ, ಕಿವಿಯಾರೆ ಕಂಡವನು.

ಆದರೆ ಆ ಗಂಟಲು ವಾರಕ್ಕೊಮ್ಮೆಯಾದರೂ ಕಿವಿಗೆ ಲೆಕ್ಕ ಒಪ್ಪಿಸುತ್ತಿತ್ತು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಗುರುವಾರದ ಭಜನೆಯಲ್ಲಿ ಕೇಳಿಸಿಕೊಂಡದ್ದನ್ನು ಗಂಟಲು ಆರು ದಿನ ಕಾಪಾಡಿಕೊಳ್ಳುತ್ತಿತ್ತು, ಅಷ್ಟೇ. ಐವತ್ತೈದು ದಾಟುತ್ತಲೇ ಅವನ ಕಿವಿ ಮಂದವಾಯಿತು. ಮೊದಲು ಗೊತ್ತಾದದ್ದು ಅವನ ಹೆಂಡತಿ ಹೌಸಾಬಾಯಿಗೆ.

“ಸಿದ್ದೂ ಅಣ್ಣಾ, ಇವ್ರಿಗೆ ಸ್ವಲ್ಪ ಹೇಳ್ರಿ. ಬಾಜೂ ಮನಿಯವರ ಸೊಸಿ ಬಗ್ಗೆ ನನಗ ಗುಟ್ಟು ಹೇಳಾಕ ಬಂದ್ರು. ಗುಟ್ಟು ಮುಗಿಯೂದ್ರಾಗ ಆ ಸೊಸಿನ ಬಾಗಲಿಗೆ ಬಂದು, ‘ಮುಂದ ಏನಾತ್ರಿ ಮಾವಾ’ ಅಂತ ಕೇಳಿದ್ಲು!”

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೋಪಾನನೂ ನಕ್ಕ, ಎಲ್ಲರಿಗಿಂತ ಜೋರಾಗಿ. ಮಗ್ಗದವರೆಲ್ಲ ಜೋರಾಗಿಯೇ ಮಾತಾಡುವವರು, ಇವನು ಇನ್ನಷ್ಟು ಜೋರು ಎಂದುಕೊಂಡು ಸುಮ್ಮನಾದೆವು. ಸಾಂಗಲಿಯಿಂದ ಕಿವಿಗೆ ಹಾಕುವ ಯಂತ್ರ ತಂದರು. “ಮಾತಿಗಿಂತ ಮೊದಲ ಕಪ್ಪು ಬಸಿ ಸಪ್ಪಳ ತಲ್ಯಾಗ ಹೋಗತಾವು” ಎಂದು ಎರಡೇ ದಿನಕ್ಕೆ ಟ್ರಂಕಿನಲ್ಲಿ ಹಾಕಿಬಿಟ್ಟ.

ಆಮೇಲೆ ಒಂದು ಗುರುವಾರ ಅದು ನಡೆಯಿತು. ಮೂರನೆಯ ಅಭಂಗ. ತಾಳದವರು ಹುರುಪಿನಲ್ಲಿದ್ದರು. ಸೋಪಾನ ಮೇಲಿನ ಸಾಲಿಗೆ ಹೋದವನು ಕೆಳಗಿಳಿಯುವಾಗ ತನ್ನ ಮನೆಗೆ ಇಳಿಯಲಿಲ್ಲ. ಪಕ್ಕದ ಮನೆಗೆ ಇಳಿದ. ಕಪ್ಪು ಎರಡರ ಬದಲು ಅದರ ಮೇಲಿನ ಬಿಳಿ ಮೂರು. ನನ್ನ ಪೇಟಿ ಒಂದು ಹೇಳುತ್ತಿದೆ, ಅವನ ಕೊರಳು ಇನ್ನೊಂದು. ಹಳೆಯ ಕದದ ಕೀಲಿನ ಹಾಗೆ ಕಿರ್ರೆಂದಿತು. ಪ್ರಹ್ಲಾದ ತಟ್ಟನೆ ನನ್ನ ಕಡೆ ನೋಡಿದ. ಅವನ ತುಟಿಯ ತುದಿಯಲ್ಲಿ ಸಣ್ಣ ನಗು ಇತ್ತು.

ಆ ನಗು ನೋಡಿ ನನ್ನ ಮೈ ಉರಿಯಿತು. ನಾನು ಬೆರಳು ಒಂದು ಮನೆ ಮೇಲೆ ಸರಿಸಿಬಿಟ್ಟೆ. ಪೇಟಿ ಸೋಪಾನನ ಜೊತೆ ಸೇರಿತು. ಕಿರಿಕಿರಿ ನಿಂತಿತು. ಕೂತವರಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ.

ಶಿರಪತಿಗೆ ಗೊತ್ತಾಯಿತು. ಮೃದಂಗದ ಬಲದ ಮುಖವನ್ನು ಸ್ವರಕ್ಕೆ ಕೂಡಿಸಿರುತ್ತಾರೆ, ಅದನ್ನು ನಡುವೆ ಸರಿಸಲಾಗುವುದಿಲ್ಲ. ಭಜನೆ ಮುಗಿದ ಮೇಲೆ ಚಪ್ಪಲಿ ಬಿಟ್ಟ ಕಡೆ ನನ್ನನ್ನು ಹಿಡಿದ.

“ಏನ ಅಣ್ಣಾ, ಬೆರಳಿಗೆ ಇರುವಿ ಕಡೀತೇನು? ಆ ಮನಿ ಬಿಟ್ಟು ಈ ಮನಿಗೆ ಹೊಂಟಿದ್ದಿ?”

“ಬುವಾ ಹತ್ತಿದ. ನಾನೂ ಹತ್ತಿದೆ.”

“ನನ್ನ ಮೃದಂಗ ಎಲ್ಲಿ ಹತ್ತಬೇಕು, ನಿನ್ನ ತಲೀ ಮ್ಯಾಲ?”

“ಒಂದ ದಿನ ಶಿರಪಾ. ಮುದುಕನ ಮಾನ ಕಳೀಬಾರ್ದಲ್ಲ.”

ಅವನು ಬೈದುಕೊಂಡೇ ಒಪ್ಪಿದ. ಮುಂದಿನ ಗುರುವಾರದಿಂದ, ಸೋಪಾನ ಜಾಗ ಬಿಟ್ಟ ಕೂಡಲೇ ಶಿರಪತಿ ಬಲದ ಕೈಯನ್ನು ಮೆತ್ತಗೆ ಮಾಡಿ ಎಡದ ಗುಮ್ಮೆನ್ನುವ ಮುಖವನ್ನೇ ಹೆಚ್ಚು ಬಾರಿಸುತ್ತಿದ್ದ. ಒಂದು ದಿನವೆಂದು ಹೇಳಿದ್ದು ಮೂರು ವರ್ಷವಾಯಿತು. ಸೋಪಾನ ಯಾವಾಗಲೂ ನನ್ನ ಪೇಟಿಗೆ ಮೊಣಕಾಲು ತಾಗಿಸಿಕೊಂಡೇ ಕೂರುತ್ತಿದ್ದ. ಅಷ್ಟು ಹತ್ತಿರದ ಪೇಟಿ ಅವನಿಗೆ ಅಷ್ಟಿಷ್ಟು ಕೇಳುತ್ತಿತ್ತು. ಅವನಿಗಿದ್ದ ಒಂದೇ ಅಳತೆಗೋಲು ಅದು. ಅವನು ಎಲ್ಲಿ ಹೋದರೆ ಅಲ್ಲಿಗೆ ಆ ಕೋಲನ್ನು ನಾನು ಜರುಗಿಸುತ್ತಿದ್ದೆ. ಪೇಟಿ ತನ್ನ ಜೊತೆಗಿದೆ ಎಂದರೆ ತಾನು ಸರಿ ಎಂದು ಅವನು ನಂಬಿಕೊಂಡ. ಮೊದಮೊದಲು ಒಂದು ಮನೆ ಹತ್ತುತ್ತಿದ್ದವನು ಕಡೆಕಡೆಗೆ ಒಂದೇ ಅಭಂಗದಲ್ಲಿ ಎರಡು ಮನೆ ಹತ್ತತೊಡಗಿದ.

ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟು ಹೋಯಿತು. ಮಗ್ಗ ನಿಂತವು. ಸೋಪಾನನ ದನಿ ಉಳಿಯಿತು. ಅದು ಹಾಡಾಗಿರಲಿಲ್ಲ, ಯಾರನ್ನೋ ಹೊಳೆಯ ಆಚೆಯಿಂದ ಕೂಗಿದಂತಿತ್ತು. ನಾಲ್ಕಾರು ಜನ ನಕ್ಕರು. ಅವನು ಅವರು ಮೆಚ್ಚಿದರೆಂದು ತಿಳಿದು ಕೈ ಎತ್ತಿ ನಮಸ್ಕಾರ ಮಾಡಿದ. ನಾನು ಒಂದು ಮಗ್ಗದ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೆ. ಹೊರಗೆ ಬರಲು ಮುಖವಿರಲಿಲ್ಲ.

ಅದೇ ವರ್ಷ ಮಾಘದ ಸಪ್ತಾಹ. ಗುಡಿಯಲ್ಲಿ ಏಳು ದಿನ ಎಡೆಬಿಡದ ನಾಮಸ್ಮರಣೆ. ಆ ಏಳು ದಿನ ವೀಣೆಯನ್ನು, ಎಂದರೆ ಕೊರಳಿಗೆ ಹಾಕಿಕೊಂಡು ಶ್ರುತಿ ಮೀಟುವ ತಂಬೂರಿಯಂಥ ವಾದ್ಯವನ್ನು, ನೆಲಕ್ಕಿಡುವಂತಿಲ್ಲ. ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹೋಗುತ್ತಿರಬೇಕು. ಕೊನೆಯ ದಿನ ಬೆಳಿಗ್ಗೆ ಕಾಲ್ಯಾದ ಕೀರ್ತನೆ, ಆಮೇಲೆ ಕಾಲ್ಯಾ ಎಂಬ ಮೊಸರು ಅರಳು ಕಲಸಿದ ಪ್ರಸಾದ. ಆ ಸಲ ಕೀರ್ತನೆ ಹೇಳಲು ಬರುವ ಮಹಾರಾಜರು ದೊಡ್ಡ ಹೆಸರಿನ ಕೀರ್ತನಕಾರರು. ಅವರಿಂದ ನಾಲ್ಕು ದಿನ ಮೊದಲು ಹೇಳಿಕೆ ಬಂತು: ಅಭಂಗ ಎತ್ತಲು ನಿಮ್ಮ ಸೋಪಾನ ಬುವಾನೇ ಬೇಕು, ಹೆಸರು ಕೇಳಿದ್ದೇವೆ, ಪೇಟಿ ಬಾರಿಸಲು ನಮ್ಮವನೇ ಬರುತ್ತಾನೆ.

ಶಿರಪತಿ ಆ ಸುದ್ದಿ ತಂದಾಗ ನನ್ನ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನ ಜಾರಿ ಕಾಲ ಮೇಲೆ ಬಿತ್ತು.

“ಮಹಾರಾಜರ ಪೇಟಿಯವ ಆಳಂದಿಯಾಗ ಕಲತವ. ಸರಿಯೂದಿಲ್ಲ ಅಣ್ಣಾ. ಸತ್ತರೂ ಸರಿಯೂದಿಲ್ಲ. ಊರ ಮುಂದ ಬುವಾನ ಚರ್ಮ ಸುಲೀತಾರ.”

“ಬುವಾ ಬರೂದಿಲ್ಲ ಅಂತ ಹೇಳಿಸೋಣೇನು?”

“ಬುವಾಗ ಈಗಾಗಲೇ ಹೇಳ್ಯಾರ. ಹೊಸ ಧೋತರ ತೊಳದು ನೀಲಿ ಹಾಕಾಕತ್ತಾಳ ಹೌಸಾ ವೈನಿ. ಪ್ರಹ್ಲಾದ ಏನಂತಾನ ಗೊತ್ತೇನು? ‘ಈ ಸಲ ಬುವಾ ಮುಗಿಲು ಮುಟ್ಟತಾರ, ನಾವೆಲ್ಲ ಕೆಳಗ ನಿಂತು ಟೊಪಗಿ ಹಿಡಕೋಬೇಕು’ ಅಂತಾನ.”

ಹೇಳಲೇಬೇಕಾಯಿತು. ಎಲ್ಲಿ ಹೇಳುವುದು? ಮನೆಯಲ್ಲಿ ಹೇಳಿದರೆ ಕೂಗಿ ಹೇಳಬೇಕು, ಓಣಿಗೆಲ್ಲ ಕೇಳುತ್ತದೆ. ಕಡೆಗೆ ಶೆಡ್ಡನ್ನೇ ಆರಿಸಿಕೊಂಡೆ. ಅಲ್ಲಿ ಅವನು ಕಿವುಡನಲ್ಲ. ಅಥವಾ ನಾವೆಲ್ಲ ಕಿವುಡರೇ. ಮರುದಿನ ಬೆಳಿಗ್ಗೆ ಅವನ ಎರಡನೆಯ ಮಗ್ಗದ ಆಚೆ ನಿಂತು ಅವನ ಕಣ್ಣು ನನ್ನ ಮುಖಕ್ಕೆ ಬರುವವರೆಗೆ ಕಾದೆ. ತುಟಿಯನ್ನು ಬಿಡಿಸಿ ಬಿಡಿಸಿ ಹೇಳಿದೆ:

“ನಿನ್ನ ಸ್ವರ ಹತ್ತತೈತಿ. ಮೂರು ವರ್ಷಾತು. ನಾ ಪೇಟಿ ಸರಿಸಿ ಮುಚ್ಚಿಕೊಂಡು ಬಂದೇನಿ.”

ಅವನು ಮೊದಲ ಸಲಕ್ಕೇ ಓದಿಕೊಂಡ. ಆದರೂ “ಏನು?” ಎಂದು ತುಟಿ ಆಡಿಸಿದ. ನಾನು ಇನ್ನೊಮ್ಮೆ ಹೇಳಿದೆ. ಅಷ್ಟರಲ್ಲಿ ಅವನ ಬೆನ್ನ ಹಿಂದಿನ ಮಗ್ಗದಲ್ಲಿ ಎಳೆ ಹರಿದಿತ್ತು. ನಾನು ಬೆರಳು ತೋರಿಸಿದೆ. ಅವನು ತಿರುಗಲಿಲ್ಲ. ಬಟ್ಟೆಯಲ್ಲಿ ಹರಕು ಗೆರೆ ಒಂದು ಗೇಣು ನೇಯ್ದುಕೊಂಡು ಹೋಯಿತು. ನಲವತ್ತು ವರ್ಷದಲ್ಲಿ ಸೋಪಾನ ಎಳೆ ಹರಿದ ಮಗ್ಗವನ್ನು ನಡೆಯಬಿಟ್ಟದ್ದು ಅದೊಂದೇ ಸಲ.

ಆಮೇಲೆ ನಾಲ್ಕೂ ಮಗ್ಗ ಒಂದೊಂದಾಗಿ ನಿಲ್ಲಿಸಿ, ನನ್ನ ರಟ್ಟೆ ಹಿಡಿದು ಹೊರಗೆ ನೂಲಿನ ಕಂಡಿಕೆ ಚೀಲ ಒಟ್ಟಿದ ಜಾಗಕ್ಕೆ ಎಳೆದೊಯ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತು.

“ಯಾರ್‍ಯಾರಿಗೆ ಗೊತ್ತೈತಿ?”

“ಶಿರಪತಿಗೆ. ಪ್ರಹ್ಲಾದಗ.”

“ನನ್ನ ಹೆಣತಿಗೆ?”

ನಾನು ತಲೆ ಬಗ್ಗಿಸಿದೆ.

“ಅಂದ್ರ ನನಗೊಬ್ಬವಗ ಗೊತ್ತಿಲ್ಲ!” ಆ ದನಿಗೆ ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು. “ಸಿದ್ದ್ಯಾ, ಕುರುಡ ಗ್ವಾಡಿ ಹಿಡಕೊಂಡು ನಡೀತಾನ. ಗ್ವಾಡಿನ ಅವನ ಕೂಡ ನಡಿಯಾಕ ಹತ್ತಿದ್ರ ಅವ ಯಾವ ಬಾವ್ಯಾಗ ಬೀಳಬೇಕು ಹೇಳು!”

“ನಿನ್ನ ಮಾನ...”

“ನನ್ನ ಮಾನ ಕಾಯಾಕ ನಿನಗ್ಯಾರು ಹೇಳಿದ್ರಲೇ? ನಾ ತಪ್ಪಿದ್ರ ಪೇಟಿ ಕಿರ್ರ್ ಅನಬೇಕಿತ್ತು. ಅಂದಿದ್ರ ಅವತ್ತೇ ತಿರುಗಿ ಬರತಿದ್ದೆ. ಈಗ ಮೂರು ವರ್ಷ ಗಂಟಲಿಗೆ ತಪ್ಪು ದಾರಿ ಕಲಿಸಿಬಿಟ್ಟಿ.”

ಅಷ್ಟು ಹೇಳಿ ಅವನು ಮಗ್ಗಗಳತ್ತ ಹೊರಟುಹೋದ.

ಹಾಡುವುದಿಲ್ಲ ಎಂದು ಹೇಳಿ ಕಳಿಸುತ್ತಾನೆ ಎಂದುಕೊಂಡಿದ್ದೆ. ಊಟದ ಹೊತ್ತಿಗೆ ಅವನೇ ಬಂದ. “ಗುಡಿಗೆ ನಡಿ. ಎಷ್ಟು ಕೆಟ್ಟೈತಿ ನೋಡೋಣ.”

ಸಪ್ತಾಹದ ಗುಡಿಯಲ್ಲಿ ಆ ಹೊತ್ತಿಗೆ ವೀಣೆ ಹಿಡಿದು ನಿಂತ ಭಾನುದಾಸ ಆಬಾ ಒಬ್ಬರೇ. ಎಂಬತ್ತು ವರ್ಷ, ನಿಂತಲ್ಲೇ ತೂಗಾಡುತ್ತಾ ಮೆಲ್ಲಗೆ ತಂತಿ ಮೀಟುತ್ತಿದ್ದರು. ನಾನು ಪೇಟಿ ತೆಗೆದೆ. ಸೋಪಾನ ಹಾಡಿದ. ನಾನು ಬೆರಳು ಸರಿಸಲಿಲ್ಲ. ಮೂರನೆಯ ಸಾಲಿಗೆ ಕಿರ್ರೆಂದಿತು. “ಇಲ್ಲಿ,” ಎಂದೆ. ಮತ್ತೆ ಹಾಡಿದ. “ಇಲ್ಲಿ.” ಮತ್ತೆ. ಪೇಟಿಗೆ ಕಿವಿ ಒತ್ತಿ ಹಾಡಿದರೆ ತಪ್ಪು ಗೊತ್ತಾಗುತ್ತಿತ್ತು. ತಲೆ ಎತ್ತಿದರೆ ಹೋಗುತ್ತಿತ್ತು. ಕಿವಿಗೆ ಬೆರಳು ತುರುಕಿಕೊಂಡು ನೋಡಿದ. “ನನ್ನ ದನಿ ತಲ್ಯಾಗ ಗುಂಯ್ ಅಂತೈತಿ. ಆದ್ರ ಪೇಟಿ ಸತ್ತ ಹೋಗತೈತಿ. ಒಂದಿದ್ರ ಒಂದಿಲ್ಲ.”

ಆಬಾ ಅಲ್ಲಿಂದಲೇ ಕೂಗಿದರು: “ಏನ ಮಾಡಾಕತ್ತೀರೋ, ಪೇಟಿಗೆ ಮುತ್ತು ಕೊಡಾಕತ್ತೀರೇನು?”

ಸೋಪಾನನಿಗೆ ಕೇಳಲಿಲ್ಲ. ಆದರೆ ನಾನು ತಿರುಗಿದ್ದು ನೋಡಿ ಅವನೂ ತಿರುಗಿದ. ಆಬಾರ ಹೆಗಲ ಮೇಲಿನ ವೀಣೆಯನ್ನು ಬಹಳ ಹೊತ್ತು ನೋಡಿದ. ಎದ್ದು ಹೋಗಿ, ಕೈ ಮುಗಿದು, ವೀಣೆಯ ದಂಡಿಗೆ ದವಡೆಯ ಎಲುಬು ಹಚ್ಚಿ ನಿಂತ. ಆಬಾ ಮೀಟಿದರು. ಇವನು ಗುನುಗಿದ. ಗುನುಗು ಒಂಚೂರು ಮೇಲಿತ್ತು. ಹಣೆ ಗಂಟಿಕ್ಕಿಕೊಂಡ. ಗುನುಗು ಮೆಲ್ಲಗೆ ಜಾರಿ ಕೆಳಗೆ ಬಂತು, ವೀಣೆಯ ಸ್ವರದ ಜೊತೆ ಕೂಡಿಕೊಂಡಿತು. ಆ ಗಳಿಗೆಗೆ ಅವನ ಹಣೆಯ ಗಂಟು ಬಿಚ್ಚಿತು.

“ತಪ್ಪಿದಾಗ ಎಲುವಿನ್ಯಾಗ ನಡುಗತೈತಿ,” ಎಂದ. “ಕೂಡಿದ್ರ ಸುಮ್ಮಕ ಇರತೈತಿ.”

ಆದರೆ ವೀಣೆ ಹಿಡಿದವನು ಮುಂದಾಗಿ ಹಾಡುವ ಪದ್ಧತಿ ನಮ್ಮಲ್ಲಿಲ್ಲ. ವೀಣೆಯವನು ಕಂಬದಂತೆ ನಿಂತು ಸ್ವರ ಕಾಯಬೇಕು. ಹಾಡು ಎತ್ತುವವನ ಕೈಯಲ್ಲಿ ತಾಳವಿರಬೇಕು. ಒಬ್ಬನಿಗೆ ಎರಡೂ ಇಲ್ಲ. ಆಬಾರನ್ನು ಕೀರ್ತನೆಯ ದಿನ ಸೋಪಾನನ ಮಗ್ಗುಲಲ್ಲೇ ನಿಲ್ಲಿಸುವುದು, ಎತ್ತುವ ಮೊದಲು ವೀಣೆಗೆ ನಮಸ್ಕಾರ ಮಾಡಿದಂತೆ ಮಾಡಿ ಸ್ವರ ತೆಗೆದುಕೊಳ್ಳುವುದು ಎಂದು ಗೊತ್ತು ಮಾಡಿದೆವು.

“ನಡುವ ತಪ್ಪಿದ್ರ?” ಎಂದೆ.

“ನೀ ನನ್ನ ಎದುರಿನ ಸಾಲಿನ್ಯಾಗ ತಾಳ ಹಿಡದು ನಿಂದರು. ತಪ್ಪಿದ ಕೂಡ್ಲೇ ಎಳೆ ಹರದಾಂಗ ಬೆರಳು ತೋರಸು. ಇಳಿಸೂದು ನನ್ನ ಕೆಲಸ.” ನನ್ನ ಎದೆಗೆ ಬೆರಳೂರಿ ಹೇಳಿದ: “ಈ ಸಲ ಕನಿಕರ ತೋರಿಸಿದೀ, ನಿನ್ನ ಮಾರಿ ನೋಡೂದಿಲ್ಲ.”

ಮೂರು ದಿನ ಮೂರು ಯುಗವಾದವು.

ಕೊನೆಯ ದಿನ ಹತ್ತು ಗಂಟೆಗೆ ಗುಡಿಯ ಮುಂದಿನ ಚಪ್ಪರ ತುಂಬಿ ರಸ್ತೆಗೆ ಚೆಲ್ಲಿತ್ತು. ಮಹಾರಾಜರು ನಡುವೆ. ಅವರ ಹಿಂದೆ ಎರಡೂ ಕಡೆ ತಾಳದವರ ಸಾಲು, ಮುಖಾಮುಖಿಯಾಗಿ. ಆ ಸಾಲಿನಲ್ಲಿ ಸೋಪಾನ, ಅವನ ಎಡಕ್ಕೆ ವೀಣೆ ಹೊತ್ತ ಆಬಾ, ಬಲಕ್ಕೆ ಪ್ರಹ್ಲಾದ. ಈ ಸಾಲಿನಲ್ಲಿ ನಾನು. ಆಳಂದಿಯ ಪೇಟಿಯವನು ಕಪ್ಪು ಎರಡರ ಮೇಲೆ ಬೆರಳಿಟ್ಟ. ಬೆರಳಿಟ್ಟನೋ ಮೊಳೆ ಹೊಡೆದನೋ, ಹಾಗಿತ್ತು. ಹೆಂಗಸರ ಕಡೆ ಮೊದಲ ಸಾಲಿನಲ್ಲಿ ಹೌಸಾಬಾಯಿ ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದಳು.

ಸೋಪಾನ ವೀಣೆಗೆ ಬಾಗಿದ. ಎದ್ದ. ಎತ್ತಿದ. ಸ್ವರ ಸೀದಾ ಪೇಟಿಯ ಮನೆಗೆ ಹೋಗಿ ಕೂತಿತು. ಎರಡನೆಯ ಸಾಲು, ಮೂರನೆಯ ಸಾಲು, ಕೂದಲಿನಷ್ಟೂ ಸರಿಯಲಿಲ್ಲ. ಪ್ರಹ್ಲಾದ ಸಾಲು ಎತ್ತಿಕೊಂಡು ಹಾಡುತ್ತಿದ್ದ, ಮುಖ ಬಿಗಿದಿತ್ತು. ಮಹಾರಾಜರು ವಿವರಣೆಗೆ ನಿಂತರು, ಅರ್ಧ ತಾಸು ನಗಿಸಿದರು, ಅಳಿಸಿದರು. ಮತ್ತೆ ಕೈ ಬೀಸಿದರು. ಸೋಪಾನ ಮತ್ತೆ ಬಾಗಿ, ಎದ್ದು, ಎತ್ತಿದ. ಸರಿಯಾಗಿತ್ತು.

ಎಡವಿದ್ದು ಕಡೆಯ ಚರಣದಲ್ಲಿ. ಶಿರಪತಿಯ ಕೈ ಇಮ್ಮಡಿ ಲಯಕ್ಕೆ ಹೋಯಿತು. ಇಪ್ಪತ್ತು ಜೊತೆ ತಾಳ ಒಟ್ಟಿಗೆ ಬಿದ್ದವು. ಜನ ಚಪ್ಪಾಳೆ ಹಿಡಿದರು. ಗದ್ದಲ ಎದ್ದಷ್ಟೂ ಕಿವಿ ಮಂದವಾದವನು ದನಿ ಏರಿಸುತ್ತಾನೆ, ದನಿ ಏರಿದಷ್ಟೂ ಸ್ವರ ಏರುತ್ತದೆ. ಸೋಪಾನ ಮೇಲಿನ ಸಾಲಿಗೆ ಹೋದ. ಇಳಿಯುವಾಗ ಜಾಗ ತಪ್ಪಿತು. ಅರೆ ಮನೆ. ಪೇಟಿ ಕದಲಲಿಲ್ಲ. ಎರಡು ಸ್ವರ ಒಂದಕ್ಕೊಂದು ಮೈ ಉಜ್ಜಿಕೊಂಡು ಕಿರಿಗುಟ್ಟಿದವು. ಮುಂದೆ ಕೂತಿದ್ದ ಮುದುಕನೊಬ್ಬ ಹಲ್ಲು ಕಚ್ಚಿದ. ಪ್ರಹ್ಲಾದ ನನ್ನ ಕಡೆ ನೋಡಿದ.

ಸೋಪಾನನೂ ನನ್ನ ಕೈ ಕಡೆಯೇ ನೋಡುತ್ತಿದ್ದ. ನನ್ನ ಕೈಯಲ್ಲಿ ತಾಳ ನಡೆಯುತ್ತಿತ್ತು. ತಾಳ ನಡೆಯುತ್ತಿದೆ ಎಂದರೆ ಎಲ್ಲ ಸರಿಯಿದೆ ಎಂದು ಅವನಿಗೆ ಅರ್ಥ. ಬೆರಳು ತೋರಿಸಬೇಕಾದರೆ ನಾನು ತಾಳ ಬಿಡಬೇಕು, ಊರೆಲ್ಲ ನೋಡುತ್ತದೆ. ತಾನಾಗಿ ಇಳಿಯುತ್ತಾನೇನೋ, ಇನ್ನೊಂದು ಸಾಲು ನೋಡೋಣ ಎಂದುಕೊಂಡೆ. ಆ ಇನ್ನೊಂದು ಸಾಲೂ ಹೋಯಿತು. ಅವನು ಪೂರಾ ಒಂದು ಮನೆ ಹತ್ತಿದ್ದ, ಮುಖದಲ್ಲಿ ಏನು ಧೈರ್ಯ! ನನ್ನನ್ನು ನಂಬಿದ ಧೈರ್ಯ ಅದು.

ತಾಳ ಕೈಬಿಟ್ಟೆ. ದಾರದಲ್ಲಿ ಜೋತುಬಿದ್ದ ತಾಳಗಳು ತೊಡೆಗೆ ಬಡಿದವು. ಎರಡೂ ತೋರುಬೆರಳು ಅವನ ಮುಖದೆದುರು ಜೋಡಿಸಿ ಚಕ್ಕನೆ ಬೇರೆ ಮಾಡಿದೆ.

ಅವನು ನಡುಸಾಲಿನಲ್ಲೇ ಬಾಯಿ ಮುಚ್ಚಿದ. ಹಾಡು ನಿಂತಿತು. ತಾಳ ಒಂದೊಂದಾಗಿ ನಿಂತವು. ಶಿರಪತಿ ಮಾತ್ರ ಬೆವರಿಳಿಯುತ್ತಿದ್ದರೂ ಮೃದಂಗ ಬಿಡಲಿಲ್ಲ, ಬರೀ ತಾಳದ ನಡೆ ಕಾಯುವ ಠೇಕ ಹಿಡಿದುಕೊಂಡ. ಮಹಾರಾಜರು ತಿರುಗಿ ನೋಡಿದರು. ಸೋಪಾನ ಆಬಾರ ಕಡೆ ಬಾಗಿ ವೀಣೆಯ ದಂಡಿಗೆ ದವಡೆ ಹಚ್ಚಿ ಕಣ್ಣು ಮುಚ್ಚಿದ. ಗಂಟಲು ಸಣ್ಣಗೆ ಅಲುಗುತ್ತಿತ್ತು. ಎರಡು ಆವರ್ತನ, ನಾಲ್ಕು, ಆರು. ಎಂಟಕ್ಕೆ ತಲೆ ಎತ್ತಿ, ಬಿಟ್ಟಿದ್ದ ಅರ್ಧ ಸಾಲನ್ನು ಎತ್ತಿಕೊಂಡ. ಅದು ತನ್ನ ಮನೆಯಲ್ಲಿ ಹೋಗಿ ಕೂತಾಗ ಆಳಂದಿಯವನು ಮೊದಲ ಬಾರಿಗೆ ತಲೆ ತೂಗಿದ.

ಮಹಾರಾಜರು ಕೈ ಮೇಲೆತ್ತಿದರು. ಕಣ್ಣಲ್ಲಿ ನೀರು.

“ನೋಡ್ರಿ ಬಾಪಾ! ಹಾಡತಾ ಹಾಡತಾ ಕಂಠ ಬಿಗೀತು. ಮಾತು ನಿಂತಿತು. ವೀಣಾದ ಮ್ಯಾಲ ತಲಿ ಇಟ್ಟು ಮಗುವಿನಾಂಗ ನಿಂತ. ಇದಕ್ಕ ಭಕ್ತಿ ಅಂತಾರ!”

ಜನ ವಿಠ್ಠಲನ ಹೆಸರು ಕೂಗಿದರು. ಒಬ್ಬಿಬ್ಬರು ಎದ್ದು ಸೋಪಾನನ ಕಾಲು ಮುಟ್ಟಲು ಬಂದರು. ಬದುಕಿದೆವು ಎಂದುಕೊಂಡೆ. ಶಿರಪತಿಯೂ ಹಾಗೆಯೇ ಅಂದುಕೊಂಡಿರಬೇಕು, ಹೆಗಲು ಇಳಿಬಿಟ್ಟ. ಸೋಪಾನ ಒಂದು ಮಾತೂ ಆಡದೆ ಇದ್ದಿದ್ದರೆ ಸಾಕಿತ್ತು. ಸಾಯುವವರೆಗೆ ಮುಂದಾಳು ಅವನೇ ಆಗಿರುತ್ತಿದ್ದ.

ಅವನು ಮಹಾರಾಜರ ತುಟಿ ಓದಿದ್ದ.

“ಮಹಾರಾಜ್, ಹಾಂಗಲ್ಲರಿ!” ಮಗ್ಗದ ಶೆಡ್ಡಿನಲ್ಲಿ ಕೂಗಬೇಕಾದ ದನಿ. ಚಪ್ಪರದ ಕಾಗೆಗಳು ಹಾರಿದವು. “ಭಕ್ತಿ ಗಿಕ್ತಿ ಏನಿಲ್ಲ. ನನ್ನ ಕಿವಿ ಹೋಗ್ಯಾವು. ಸ್ವರ ಮ್ಯಾಲ ಹತ್ತಿತ್ತು, ನನಗ ತಿಳೀಲಿಲ್ಲ. ಅಗೋ ಆ ಸಿದ್ದ್ಯಾ ಬೆರಳು ತೋರಿಸಿದ. ವೀಣಾಕ್ಕ ದವಡಿ ಹಚ್ಚಿ ಹುಡುಕಿಕೊಂಡು ಬಂದೆ. ಇಷ್ಟ ಆಗಿದ್ದು.”

ಕಾಲು ಮುಟ್ಟಲು ಬಾಗಿದ್ದವನು ಬಾಗಿದಂತೆಯೇ ನಿಂತ. ಎಲ್ಲಿಂದಲೋ ಒಂದು ಕಿಸಕ್ ನಗು ಬಂತು. ಹೌಸಾಬಾಯಿ ಎದ್ದು ನಿಂತು ಆ ಕಡೆ ತಿರುಗಿ, “ನಗೂದೇನೈತಿ? ನೀವು ಉಟ್ಟ ಅರಿವಿ ನೇಯ್ದು ನೇಯ್ದು ಹೋದ ಕಿವಿ ಅವು!” ಎಂದಳು. ನಗು ಅಲ್ಲೇ ಅಡಗಿತು.

ಮಹಾರಾಜರು ಅವನ ಹತ್ತಿರ ಬಂದು, ತುಟಿ ಚೆನ್ನಾಗಿ ಕಾಣುವಂತೆ ಕೇಳಿದರು: “ಇನ್ನೂ ಎರಡು ಸಾಲು ಉಳದಾವು. ಎತ್ತತೀಯೋ?”

ಸೋಪಾನ ನನ್ನನ್ನು ನೋಡಿದ. ಆಮೇಲೆ ಬಲಕ್ಕೆ ತಿರುಗಿದ.

“ಪ್ರಹ್ಲಾದ, ನೀ ಎತ್ತು.”

ಹತ್ತು ವರ್ಷ ಇದಕ್ಕಾಗಿಯೇ ಕಾದವನು ಒಂದು ಹೆಜ್ಜೆ ಹಿಂದೆ ಸರಿದ. “ಬುವಾ... ನೀವಿರೋವಾಗ ನಾ ಹ್ಯಾಂಗ...”

“ಎತ್ತಲೇ, ಜನ ಬಿಸಲಾಗ ಕುಂತಾರ!”

ಪ್ರಹ್ಲಾದ ಎತ್ತಿದ. ಮೊದಲು ದನಿ ಒಡೆಯಿತು, ಆಮೇಲೆ ನಿಂತಿತು. ಸೋಪಾನ ತನ್ನ ತಾಳವನ್ನು ಕಣ್ಣಿಗೊತ್ತಿಕೊಂಡು ಅವನ ಕೊರಳಿಗೆ ಹಾಕಿ, ಆಬಾರ ಮುಂದೆ ಎರಡೂ ಕೈ ಚಾಚಿದ.

“ಇದನ್ನ ಹೆಗಲಿಗೆ ತೊಗೊಂಡ್ರ ಮುಂದಾಗಿ ಹಾಡೂದು ಮುಗೀತಪಾ,” ಎಂದರು ಆಬಾ, ಅವನಿಗೆ ಕಾಣುವಂತೆ ಮೆಲ್ಲಗೆ.

“ಗೊತ್ತೈತಿ ಆಬಾ. ಕೊಡ್ರಿ.”

ವೀಣೆ ನೆಲಕ್ಕೆ ತಾಗದಂತೆ ಕೊರಳಿಂದ ಕೊರಳಿಗೆ ದಾಟಿತು. ಸೋಪಾನ ದಂಡಿಗೆ ದವಡೆ ಹಚ್ಚಿ ಮೀಟತೊಡಗಿದ. ಎದುರಿನ ಸಾಲಿನಿಂದ ನೋಡಿದರೆ ಅವನ ತುಟಿ ಅಲುಗುತ್ತಿತ್ತು. ಎಲ್ಲರ ಹಾಗೆ ಅವನೂ ಪ್ರಹ್ಲಾದನ ಸಾಲನ್ನು ಹೇಳುತ್ತಿದ್ದ. ಕೊರಳ ನರ ಉಬ್ಬಿರಲಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಅವನು ಹಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಂತ ಜಾಗಕ್ಕೆ ಕೇಳಿಸುವಂತೆಯೂ ಇರಲಿಲ್ಲ. ಕೀರ್ತನೆಯ ನಡುವೆ ಸಾಲು ದಾಟಬಾರದು. ದಾಟಿದೆ. ತಾಳ ಬಾರಿಸುತ್ತಲೇ ಅವನ ಮಗ್ಗುಲಿಗೆ ಹೋಗಿ ಕಿವಿ ಹಚ್ಚಿ ನಿಂತೆ.